ಟೊಳ್ಳು ಬಾಗಿಲು

ಟೊಕ್ ಟೊಕ್ — ಅಲ್ಲ, ಇದು ತಮ್ಮನ ಹೆಂಡತಿಯ ಬೆರಳಲ್ಲ, ಅವಳು ಬಡಿದರೆ ಎರಡೇ ಸಲ, ನಡುವೆ ಒಂದು ಉಸಿರಿನಷ್ಟು ಬಿಡುವು, ಆಮೇಲೆ ಕಾಫಿ ಲೋಟ ಮುಂದೆ, ಅವಳು ಹಿಂದೆ. ಇದು ಬಡಗಿಯ ಬೆರಳು, ದಪ್ಪನೆಯದು, ಆತುರದ್ದು, ಬಾಗಿಲಿನ ನೆತ್ತಿಯಿಂದ ಪಾದದವರೆಗೆ ಇಳಿಯುತ್ತ, ವೈದ್ಯರು ಎದೆಯ ಮೇಲೆ ಬೆರಳಿಟ್ಟು ತಟ್ಟಿ ನೋಡುವ ಹಾಗೆ, ಟೊಕ್ ಟೊಕ್ ಟೊಕ್ ಟೊಕ್, ಎಲ್ಲಿ ತಟ್ಟಿದರೂ ಖಾಲಿ ಡಬ್ಬಿಯ ಸದ್ದು, ಮಂಚದ ಅಂಚಿನಲ್ಲಿ ಕೂತ ಅಕ್ಕ ಎಣಿಸುತ್ತಿದ್ದಾಳೆ, ಹದಿನಾಲ್ಕು, ಹದಿನೈದು, ಇಷ್ಟೊಂದು ತಟ್ಟಿ ನೋಡುವುದಕ್ಕೆ ಇದೇನು ಮಾರುವ ಮಡಕೆಯೇ. ಒಳಗೇನೂ ಇಲ್ಲಮ್ಮಾ, ಆಚೆಯಿಂದ ಬಡಗಿ ಹೇಳುತ್ತಾನೆ, ಈ ಕಡೆ ಒಂದು ತೆಳು ಹಲಗೆ, ಆ ಕಡೆ ಒಂದು, ಮಧ್ಯೆ ರಟ್ಟಿನ ಗೂಡು, ಜೇನುಗೂಡು ಇದ್ದ ಹಾಗೆ, ಜೇನೊಂದಿಲ್ಲ ನೋಡಿ, ಇಷ್ಟು ವರ್ಷ ಇದನ್ನ ಬಾಗಿಲು ಅಂತ ನಂಬ್ಕೊಂಡು ಮುಚ್ಕೊಂಡಿದ್ರಾ. ಅವನೇ ಹೇಳಿ ಅವನೇ ನಗುತ್ತಾನೆ. ನಗಲಿ. ಅವನು ಹೇಳಿ ಗೊತ್ತಾಗಬೇಕೇ, ಇಪ್ಪತ್ತೆರಡು ವರ್ಷದ ಹಿಂದೆ ಈ ಮನೆಗೆ ಬಂದ ಮೊದಲ ವಾರವೇ ಅಕ್ಕನಿಗೆ ಗೊತ್ತಾಗಿತ್ತು, ಈ ಮನೆಯ ಬಾಗಿಲುಗಳು ನೋಟಕ್ಕೆ ಅಡ್ಡ, ಮಾತಿಗೆ ಅಡ್ಡವಲ್ಲ ಎಂದು, ಮತ್ತು ಅದು ಒಳ್ಳೆಯದೇ ಆಯಿತು, ಮದುವೆ ಮಾಡಿಕೊಳ್ಳದೆ ತಮ್ಮನ ಸಂಸಾರದಲ್ಲಿ ಒಂದು ಕೋಣೆ ಹಿಡಿದು ಕೂತ ಹೆಂಗಸಿಗೆ ಕಣ್ಣಿಗಿಂತ ಕಿವಿಯೇ ಆಸ್ತಿ, ತಮ್ಮ ಅಕ್ಕ ಎನ್ನುತ್ತಾನೆ, ಅವನ ಹೆಂಡತಿ ಅತ್ತಿಗೆ ಎನ್ನುತ್ತಾಳೆ, ಅವರ ಮಗಳು ಅತ್ತೆ ಎನ್ನುತ್ತಾಳೆ, ಆದರೆ ಬಾಗಿಲು ಮುಚ್ಚಿದ ಮೇಲೆ ಏನೆನ್ನುತ್ತಾರೆ ಎಂಬುದಲ್ಲವೇ ನಿಜವಾದ ಹೆಸರು.

ಬಾಗಿಲು ಬದಲಾಯಿಸುವ ಮಾತು ಬಂದದ್ದು ಮೂರು ತಿಂಗಳ ಹಿಂದೆ, ಊಟದ ಮೇಜಿನಲ್ಲಿ, ತಮ್ಮ ತಟ್ಟೆಯಿಂದ ತಲೆಯೆತ್ತದೆ ಹೇಳಿದ, ಅಕ್ಕಾ, ಒಳಗಿನ ಬಾಗಿಲೆಲ್ಲ ತೆಗೆಸಿ ಗಟ್ಟಿ ಮರದ್ದು ಹಾಕ್ಸೋಣ ಅಂತಿದೀವಿ, ಮಗಳಿಗೆ ದೊಡ್ಡ ಪರೀಕ್ಷೆ, ಗದ್ದಲದಲ್ಲಿ ಓದೋಕಾಗಲ್ಲ ಅಂತಾಳೆ. ಗದ್ದಲ! ತಲೆಯೆತ್ತದೆ ಹೇಳಿದ ಮಾತು ತನ್ನದಲ್ಲದ ಮಾತು, ಅದು ಅಕ್ಕನಿಗೆ ಗೊತ್ತು, ಹುಟ್ಟಿದ ದಿನದಿಂದ ನೋಡಿದ ತಮ್ಮ, ಸುಳ್ಳು ಹೇಳುವಾಗ ಅನ್ನವನ್ನು ಬೆರಳಲ್ಲಿ ಗುಡ್ಡೆ ಮಾಡುತ್ತಾನೆ, ಅವತ್ತೂ ಮಾಡಿದ. ನಾಲ್ಕು ಜನರ ಮನೆ, ತಮ್ಮನೋ ಮಾತಿಗೆ ಜಿಪುಣ, ಅವನ ಹೆಂಡತಿ ನಡೆದರೆ ನೆಲಕ್ಕೂ ಸುದ್ದಿಯಿಲ್ಲ, ಹುಡುಗಿ ಎರಡು ಕಿವಿಗೂ ಬಿರಡೆ ಸಿಕ್ಕಿಸಿಕೊಂಡು ಪುಸ್ತಕದ ಮುಂದೆ ತಲೆದೂಗುತ್ತಾಳೆ, ಇನ್ನು ಅಕ್ಕನೋ ತಾನಾಯಿತು ತನ್ನ ಪಾಡಾಯಿತು, ಕೋಣೆಯೊಳಗೆ ಕೂತರೆ ಕಲ್ಲಿನ ಹಾಗೆ, ತುಟಿ ಪಿಟಕ್ಕೆನ್ನುವವಳಲ್ಲ, ಹಾಗಾದರೆ ಗದ್ದಲ ಯಾರದು, ಗೋಡೆಯದೇ. ಆಮೇಲೆ ಆ ಚೀಟಿ, ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತ ಇಟ್ಟು ಅಂಟಿಸಿದ್ದ ಚೀಟಿ, ಬಡಗಿಗೆಂದು ತಮ್ಮನ ಹೆಂಡತಿ ಬರೆದದ್ದು, ಅವಳ ದುಂಡನೆಯ ಅಕ್ಷರ, ಅತ್ತಿಗೆ ಕೋಣೆ ಮೊದಲು, ಅದರ ಕೆಳಗೆ ಗೆರೆ, ಒಂದಲ್ಲ, ಎರಡು. ಮೂವತ್ತು ವರ್ಷ ಬೇರೆಯವರ ಕೈಬರಹ ಓದಿ ಅನ್ನ ತಿಂದವಳಿಗೆ ಗೆರೆಯ ಮರ್ಮ ಗೊತ್ತು, ಒಂದು ಗೆರೆ ಎಳೆದವರು ಮರೆಯಬಾರದೆಂದು ಎಳೆಯುತ್ತಾರೆ, ಎರಡನೆಯದನ್ನು ಎಳೆಯುವಾಗ ಮನಸ್ಸಿನಲ್ಲಿ ಬೇರೇನೋ ಇರುತ್ತದೆ. ಪರೀಕ್ಷೆ ಮಗಳಿಗೆ, ಬಾಗಿಲು ಅತ್ತಿಗೆಗೆ ಮೊದಲು! ಅದರ ಕೆಳಗೆ ಇನ್ನೊಂದು ಸಾಲು, ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ, ಸದ್ದು ಹೋಗದ ಹಾಗೆ, ಅತ್ತಿಗೆ ಕೋಣೆಗೆ ಮಾತ್ರ. ಮಾತ್ರ. ಆ ಎರಡಕ್ಷರವನ್ನು ಅಕ್ಕ ದಿನಕ್ಕೆ ಹತ್ತು ಸಲ ನೀರು ಕುಡಿಯುವ ನೆಪದಲ್ಲಿ ಹೋಗಿ ಓದಿ ಬಂದಳು, ಓದಿದಷ್ಟೂ ಅದು ಹಿರಿದಾಯಿತು, ಸದ್ದು ಹೋಗದ ಹಾಗೆ ಎಂದರೆ ಯಾವ ಕಡೆಗೆ, ಅವರ ಮಾತು ಇವಳಿಗೆ ಬರದ ಹಾಗೆಯೋ, ನಾಳೆ ಇವಳು ಬಿದ್ದು ನರಳಿ ಕೂಗಿದರೆ ಅವರಿಗೆ ಕೇಳದ ಹಾಗೆಯೋ. ಹುಡುಗಿ ಹುಟ್ಟಿದಾಗಲೂ ಅವಳಿಗೆಂದು ಕೋಣೆ ಕೇಳಲಿಲ್ಲ, ಈಗ ದೊಡ್ಡವಳಾದಳು, ಹಜಾರದ ಮೂಲೆಗೆ ಹಲಗೆ ಅಡ್ಡ ಕಟ್ಟಿ ಮಾಡಿಕೊಟ್ಟ ಗೂಡು ಸಾಲದು, ಅಕ್ಕನ ಕೋಣೆಗೆ ಎರಡು ಕಿಟಕಿ, ಬೆಳಗಿನ ಬಿಸಿಲು, ಇವೆಲ್ಲವನ್ನೂ ಮಾತಾಡಿಕೊಳ್ಳುವುದಕ್ಕೆ ಮೊದಲು ಅಕ್ಕನ ಕಿವಿ ಮುಚ್ಚಬೇಕಲ್ಲ, ಒಂದೊಂದು ಬೆರಳಿಟ್ಟು ಮುಚ್ಚುವುದಕ್ಕಾಗುತ್ತದೆಯೇ, ಅದಕ್ಕೇ ಬಾಗಿಲು, ಬಾಗಿಲು ಹಾಕಿ ಮಾತಾಡಿ, ಮಾತಾಡಿ ಮುಗಿಸಿ, ಒಂದು ದಿನ ಊಟದ ಮೇಜಿನಲ್ಲಿ ತಮ್ಮ ಮತ್ತೆ ಅನ್ನವನ್ನು ಗುಡ್ಡೆ ಮಾಡುತ್ತ, ಅಕ್ಕಾ, ನಿನ್ನಂಥವರಿಗೇ ಅಂತ ಒಂದು ಒಳ್ಳೆ ಜಾಗ ಇದೆಯಂತೆ —

ಕಾಫಿಯನ್ನೇ ನೋಡು. ಅಡುಗೆಮನೆಯಿಂದ ಅಕ್ಕನ ಕೋಣೆಗೆ ಹನ್ನೆರಡು ಹೆಜ್ಜೆ, ಅಳೆದು ನೋಡಿದ್ದಾಳೆ, ಹನ್ನೆರಡು ಹೆಜ್ಜೆಯಲ್ಲಿ ಕುದಿಯುವ ಕಾಫಿ ಉಗುರುಬೆಚ್ಚಗಾಗುವುದು ಯಾವ ಲೋಕದಲ್ಲಿ, ಎಷ್ಟೋ ವರ್ಷದಿಂದ ತಮ್ಮನ ಹೆಂಡತಿ ತಂದುಕೊಡುವ ಕಾಫಿ ಉಗುರುಬೆಚ್ಚಗೇ, ಎಂದರೆ ಮೊದಲು ಗಂಡನಿಗೆ, ಆಮೇಲೆ ತನಗೆ, ತಳದಲ್ಲಿ ಉಳಿದದ್ದು ಅತ್ತಿಗೆಗೆ, ಬಾಯಿ ಬಿಟ್ಟು ಹೇಳಿದವಳಲ್ಲ ಅಕ್ಕ, ಕುಡಿದಳು, ಲೋಟ ತೊಳೆದಿಟ್ಟಳು. ಮತ್ತೆ ಆ ಬಡಿತ, ಸ್ವಂತ ಮನೆಯಲ್ಲಿ ಯಾರಾದರೂ ಬಾಗಿಲು ಬಡಿದು ಒಳಗೆ ಬರುತ್ತಾರೆಯೇ, ತಮ್ಮ ಬಡಿಯುವುದಿಲ್ಲ, ನೇರ ನುಗ್ಗುತ್ತಾನೆ, ಹುಡುಗಿ ಚಿಕ್ಕವಳಿದ್ದಾಗ ಕಾಲಿನಲ್ಲಿ ಒದ್ದು ಬರುತ್ತಿದ್ದಳು, ಇವಳೊಬ್ಬಳೇ ಬೆರಳು ಮಡಿಸಿ, ಗಿಣ್ಣಿನಿಂದ, ಎರಡು ಸಲ, ನೀವು ಈ ಮನೆಯ ಅತಿಥಿ ಎಂದು ದಿನಾ ಬೆಳಿಗ್ಗೆ ನೆನಪಿಸುವುದಕ್ಕೆ. ಆ ಹುಡುಗಿಯೂ ಈಗ ಏನು ಕಡಿಮೆಯೇ, ಹೋದ ವಾರ ಊಟಕ್ಕೆ ಕೂತವಳು ನೀರಿನ ತಂಬಿಗೆ ಕೇಳುತ್ತ, ಅಮ್ಮಾ ನೀರು ಕೊಡು ಅಲ್ಪವಿರಾಮ ಬೇಗ ಕೊಡು ಪೂರ್ಣವಿರಾಮ ಎಂದಳು, ಅಪ್ಪ ಮಗಳ ಕಣ್ಣು ಒಂದಾದವು, ಅಮ್ಮ ಸೌಟು ಎತ್ತಿ ಗದರಿದಳು, ಅಕ್ಕ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು, ಈ ಮಗುವಿಗೆ ಹೇಗೆ ಗೊತ್ತು, ಅದು ತಾನು ದುಡಿದ ಮುದ್ರಣಾಲಯದ ಮಾತು, ಈ ಮನೆಯಲ್ಲಿ ಎಂದೂ ಆಡಿದವಳಲ್ಲ, ತನ್ನ ಪೆಟ್ಟಿಗೆ ತೆಗೆದು ಹಳೆಯ ಕಾಗದ ಓದಿದಳೇ. ಪೆಟ್ಟಿಗೆಗೆ ಬೀಗ ಹಾಕಿದ್ದಾಯಿತು. ಗಂಡ ಹೆಂಡತಿಯ ಕೋಣೆಯಿಂದಲೂ ಬೆಳಗಿನ ಹೊತ್ತು ಕೇಳಿದ್ದುಂಟು, ತಮ್ಮ ಆಕಳಿಸುತ್ತ, ಇವತ್ತೇನೇ ವಾರ್ತೆ ಎಂದು, ಅವಳು, ಹವಾಮಾನ ಸರಿಯಿಲ್ಲ ಎಂದು, ರೇಡಿಯೋ ಇಲ್ಲದ ಮನೆಯಲ್ಲಿ ಎಲ್ಲಿಯ ವಾರ್ತೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಗೊತ್ತಾಗುವುದಿಲ್ಲವೇ, ಅಕ್ಕ ಕಿವಿ ಬಿಟ್ಟುಕೊಂಡೇ ಇದ್ದಾಳೆ.

ಕಿವಿ ಕೊಡುವುದನ್ನು ಅವಳಿಗೆ ಕಲಿಸಿದವರು ತಾತ, ನಸುಕಿನಲ್ಲಿ ಎದ್ದು ಗೋಡೆಗೊರಗಿ ಪದ್ಯ ಹೇಳುತ್ತಿದ್ದರು, ಪುಸ್ತಕವಿಲ್ಲದೆ, ದೀಪವಿಲ್ಲದೆ, ಒಂದು ಪದ್ಯ ಮುಗಿದೊಡನೆ ನಿಲ್ಲಿಸುತ್ತಿದ್ದರು, ಕಂಬಳಿಯೊಳಗಿಂದ ಮೊಮ್ಮಗಳು ಹೂಂ ಎನ್ನಬೇಕು, ಹೂಂ ಬಂದರೆ ಮುಂದಿನ ಪದ್ಯ, ಬಾರದಿದ್ದರೆ ಅದೇ ಪದ್ಯ ಮತ್ತೊಮ್ಮೆ, ಕೇಳುವವರಿಲ್ಲದೆ ದೇವರ ಹೆಸರನ್ನೂ ಸುಮ್ಮನೆ ಚೆಲ್ಲಬಾರದು ಮಗಾ ಎನ್ನುತ್ತಿದ್ದರು. ಆಮೇಲೆ ಮುದ್ರಣಾಲಯ, ಹಿಂಬದಿಯ ಕೋಣೆ, ಎದುರಿಗೆ ಕರಡು ತಿದ್ದುವ ಕನ್ನಡಕದ ಯಜಮಾನ, ಅವರ ಕೈಯಲ್ಲಿ ಅಚ್ಚಾದ ಹಾಳೆ, ಇವಳ ಕೈಯಲ್ಲಿ ಮೂಲಪ್ರತಿ, ಇವಳು ಗಟ್ಟಿಯಾಗಿ ಓದಬೇಕು, ಅವರು ಹೋಲಿಸಿ ನೋಡಬೇಕು, ಬರೀ ಪದವಲ್ಲ, ಚಿಹ್ನೆಗಳನ್ನೂ ಓದಬೇಕು, ಈ ಔಷಧವನ್ನು ಅಲ್ಪವಿರಾಮ ಊಟದ ನಂತರ ಅಲ್ಪವಿರಾಮ ತೆಗೆದುಕೊಳ್ಳತಕ್ಕದ್ದು ಪೂರ್ಣವಿರಾಮ ಹೊಸ ಸಾಲು, ದಿನಕ್ಕೆ ಏಳು ಗಂಟೆ, ಔಷಧದ ಚೀಟಿ, ಶಾಲೆಯ ಪಾಠ, ಬಸ್ಸಿನ ವೇಳಾಪಟ್ಟಿ. ಮೊದಮೊದಲು ಅರ್ಥಕ್ಕೆ ಮನಸೋತು ದನಿ ಏರಿಳಿಸುತ್ತಿದ್ದಳು, ಯಜಮಾನರು ಕನ್ನಡಕ ಹಣೆಗೇರಿಸಿ, ನಿನ್ನ ದನಿ ನಿನ್ನ ಕಿವಿಗೆ ಬೀಳಬಾರದು ಕಣಮ್ಮ, ಬಿದ್ರೆ ಅರ್ಥ ಹುಡುಕೋಕೆ ಹೋಗ್ತೀಯ, ಅರ್ಥ ಹುಡುಕಿದ್ರೆ ಅಕ್ಷರ ಜಾರುತ್ತೆ, ನಲ್ಲಿ ಬಿಟ್ಟ ಹಾಗೆ ಬಿಡು, ನಲ್ಲಿಗೆ ನೀರಿನ ರುಚಿ ಗೊತ್ತಿರುತ್ತಾ. ಆರು ತಿಂಗಳಲ್ಲಿ ಕಲಿತಳು, ಎಷ್ಟು ಚೆನ್ನಾಗಿ ಕಲಿತಳೆಂದರೆ ಮಧ್ಯಾಹ್ನ ಊಟಕ್ಕೇಳುವಾಗ, ನಾನು ಈಗ ಓದುತ್ತಿದ್ದೆನೋ ಇಲ್ಲವೋ ಎಂದು ಯಜಮಾನರನ್ನೇ ಕೇಳಬೇಕಾಗುತ್ತಿತ್ತು, ಅವರು ನಕ್ಕು, ಗಂಟಲು ಒಣಗಿದ್ರೆ ಓದಿದೀಯ ಅಂತ ಅರ್ಥ ಎನ್ನುತ್ತಿದ್ದರು. ಮುದ್ರಣಾಲಯ ಮುಚ್ಚಿ ಹನ್ನೊಂದು ವರ್ಷ. ಗಂಟಲು ಈಗಲೂ ಒಣಗುತ್ತದೆ, ಅದರಲ್ಲೂ ಬೆಳಗಿನ ಹೊತ್ತು, ವಯಸ್ಸಾಯಿತಲ್ಲ.

ಅಮ್ಮಾ, ಇಲ್ಲಿ ಬನ್ನಿ ಸ್ವಲ್ಪ, ಬಡಗಿ ಕೂಗುತ್ತಿದ್ದಾನೆ, ಅವನು ಈಗ ತಮ್ಮನ ಕೋಣೆಯ ಬಾಗಿಲ ಮುಂದೆ, ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಅಳತೆಪಟ್ಟಿ, ಪಕ್ಕದಲ್ಲಿ ತಮ್ಮನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾಳೆ, ತಮ್ಮ ಕಚೇರಿಗೆ, ಹುಡುಗಿ ಕಾಲೇಜಿಗೆ, ಮನೆಯಲ್ಲಿರುವವರು ಮೂವರೇ. ನೋಡಿ ಇಲ್ಲಿ, ಈ ಕಲೆ, ಬಡಗಿಯ ಬೆರಳು ಬಾಗಿಲಿನ ಬಣ್ಣದ ಮೇಲೆ ಒಂದು ಜಾಗವನ್ನು ಸುತ್ತುತ್ತದೆ, ಅಂಗೈಯಗಲದ ಕಂದು ಮಚ್ಚೆ, ಹೊಳೆಯುತ್ತಿದೆ, ಎಣ್ಣೆ ಇದು, ತಲೆ ಎಣ್ಣೆ, ಯಾರೋ ಇಲ್ಲಿ ತಲೆ ಆನಿಸಿ ನಿಲ್ತಿದ್ರು ಕಣಮ್ಮ, ಒಂದಿನ ಎರಡು ದಿನದ್ದಲ್ಲ, ಹಲಗೆ ಒಳಗೇ ಇಳಿದುಬಿಟ್ಟಿದೆ, ನಿಮ್ಮನೇಲಿ ಅಷ್ಟು ಎಣ್ಣೆ ಹಚ್ಕೊಳ್ಳೋರು ಯಾರು. ಅಕ್ಕನ ಕೈ ತಾನಾಗಿ ತಲೆಗೆ ಹೋಗುತ್ತದೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹೋದ ಕೈಯನ್ನು ಹಿಂದಕ್ಕೆಳೆದುಕೊಳ್ಳಲಾಗದೆ ಕೂದಲು ಸರಿಮಾಡಿಕೊಂಡ ಹಾಗೆ ಮಾಡುತ್ತಾಳೆ, ಕಾಲ ಕೆಳಗಿನ ನೆಲ ಒಂದು ಕ್ಷಣ ಬಾಯಿ ಬಿಡಬಾರದೇ. ಅದು ನಂದೇ, ತಮ್ಮನ ಹೆಂಡತಿ ಹೇಳುತ್ತಾಳೆ, ಎತ್ತಲೋ ನೋಡುತ್ತ, ನಾನೇ ಫೋನಲ್ಲಿ ಮಾತಾಡೋವಾಗ ಒರಗಿ ನಿಲ್ತೀನಿ, ನೀವು ಅಳತೆ ತಗೊಳ್ಳಿ. ಸುಳ್ಳು. ಅವಳು ತಲೆಗೆ ಎಣ್ಣೆ ಹಚ್ಚಿ ಎಷ್ಟು ಕಾಲವಾಯಿತು, ಬಿಸಿಲಿಗೊಣಗಿದ ಹುಲ್ಲಿನಂಥ ಕೂದಲು, ಮೇಲಾಗಿ ಅವಳು ಅಕ್ಕನಿಗಿಂತ ಒಂದು ಗೇಣು ಎತ್ತರ, ಆ ಕಲೆಯ ಜಾಗಕ್ಕೆ ಅವಳ ತಲೆಯಲ್ಲ, ಭುಜ ತಾಗೀತು. ಬಡಗಿ ಅವಳ ಎತ್ತರವನ್ನೊಮ್ಮೆ, ಕಲೆಯನ್ನೊಮ್ಮೆ ನೋಡಿ, ಅಳತೆಯೇ ಬದುಕಾದವನಿಗೆ ಬೇರೆ ಹೇಳಬೇಕೇ, ಪೆನ್ಸಿಲು ತೆಗೆದು ಏನೂ ಬರೆಯದೆ ಮತ್ತೆ ಕಿವಿಗಿಟ್ಟುಕೊಂಡ. ಯಾಕೆ ಮುಚ್ಚಿಟ್ಟಳು? ಹಿಡಿದು ಕೊಡಬಹುದಿತ್ತು, ಇಂಥ ಹೊತ್ತು ಮತ್ತೆ ಸಿಕ್ಕೀತೇ, ಎದುರಾಳಿಯ ಕಾಯಿ ಬಯಲಲ್ಲಿ ಸಿಕ್ಕಾಗ ಹೊಡೆಯದೆ ಬಿಟ್ಟವರು ಅದಕ್ಕಿಂತ ದೊಡ್ಡ ಕಾಯಿಯ ಮೇಲೆ ಕಣ್ಣಿಟ್ಟಿರುತ್ತಾರೆ, ಅಕ್ಕನ ಎದೆಯಲ್ಲಿ ಟೊಕ್ ಎಂದಿತು, ಇವಳು ಉಪಕಾರ ಹೊರಿಸುತ್ತಿದ್ದಾಳೆ, ನಾಳೆ ಕೋಣೆ ಕೇಳುವಾಗ ಬಡ್ಡಿ ಸಮೇತ ಇಳಿಸುವುದಕ್ಕೆ.

ಬಡಗಿ ಅಕ್ಕನ ಬಾಗಿಲಿನ ಕೀಲುಗಳನ್ನು ಬಿಚ್ಚಿ, ಹಲಗೆಯನ್ನು ಒಂದೇ ಕೈಯಲ್ಲಿ ಎತ್ತಿ, ಕಾಗದದ ಹಾಗೆ ಎತ್ತಿಕೊಂಡು ಹೋಗಿ ಆಚೆ ಗೋಡೆಗೊರಗಿಸಿದ, ಹೊಸ ಬಾಗಿಲು ಅಂಗಳದಲ್ಲಿತ್ತು, ಅದನ್ನು ತರುವುದಕ್ಕೆ ತಮ್ಮನ ಹೆಂಡತಿಯೂ ಕೈ ಕೊಡಬೇಕಾಯಿತು, ಆದರೂ ಎರಡು ಕಡೆ ಇಳಿಸಿ ಇಳಿಸಿ ತಂದರು, ಈಗ ಉಜ್ಜುಗೊರಡಿನ ಸದ್ದು, ಸರ್ರ್ ಸರ್ರ್, ಮರದ ಹಸಿ ವಾಸನೆ, ಬಾಗಿಲಿಲ್ಲದ ಕೋಣೆಯಲ್ಲಿ ಅಕ್ಕ ಬೀದಿಯಲ್ಲಿ ಕೂತವಳ ಹಾಗೆ ಕೂತಿದ್ದಾಳೆ. ಒರಗಿಸಿದ ಹಳೆ ಬಾಗಿಲಿನ ಹೊರಮೈ ಈಗ ಅವಳ ಕಡೆಗೆ, ಇಪ್ಪತ್ತೆರಡು ವರ್ಷದಲ್ಲಿ ತನ್ನ ಬಾಗಿಲಿನ ಹೊರಮೈಯನ್ನು ಇಷ್ಟು ಹೊತ್ತು ನೋಡಿದ್ದೇ ಇಲ್ಲ, ನಡುವೆ, ಎದೆಯ ಎತ್ತರದಲ್ಲಿ, ಬೇಳೆಕಾಳಿನಷ್ಟು ಜಾಗದಲ್ಲಿ ಬಣ್ಣ ಸವೆದು ಬಿಳಿ ಕಾಣುತ್ತಿದೆ, ಅದು ಬೆರಳಿನ ಗಿಣ್ಣು ಬಡಿಯುವ ಜಾಗ, ಒಂದೇ ಜಾಗ, ಒಂದು ಕೂದಲೆಳೆ ಆಚೀಚೆ ಇಲ್ಲ. ಖಾಲಿ ಚೌಕಟ್ಟಿನ ಹೊರಗೆ, ಪಕ್ಕದಲ್ಲೇ, ಚಪ್ಪಲಿಯ ಗಿಡ್ಡ ಕಪಾಟು, ಅದರ ಮೇಲೆ ಉಂಗುರಗಳು, ಲೋಟದ ತಳದ ಉಂಗುರಗಳು, ಒಂದರ ಮೇಲೊಂದು, ಒಂದರೊಳಗೊಂದು, ಸರಪಳಿಯ ಹಾಗೆ, ಓಹೋ ಹಾಗೋ, ಕಾಫಿ ಇಲ್ಲಿ ಇಳಿಯುತ್ತದೋ, ತಂದವಳು ಲೋಟ ಕೆಳಗಿಟ್ಟು ಬಾಗಿಲ ಹೊರಗೆ ನಿಲ್ಲುತ್ತಾಳೋ, ಆರಿಹೋಗುವಷ್ಟು ಹೊತ್ತು, ಏನು ಕೇಳುವುದಕ್ಕೆ, ಕಲ್ಲಿನಂತೆ ಕೂತ ಮುದುಕಿಯ ಕೋಣೆಯಲ್ಲಿ ಕೇಳುವಂಥದ್ದೇನಿದೆ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದೇ? ಗಂಟಲು ಒಣಗಿತು. ತಂಬಿಗೆ ಎತ್ತಿ ನೀರು ಕುಡಿದಳು. ಈ ಕೋಣೆಗೆ ಒಮ್ಮೆ ತಿಳಿಹಳದಿ ಬಣ್ಣ ಬಳಿದಿದ್ದರು, ಇಪ್ಪತ್ತು ವರ್ಷದ ಹಿಂದೆ, ತಮ್ಮನ ಹೆಂಡತಿಗೆ ಏಳು ತಿಂಗಳಾಗಿತ್ತು, ಅಕ್ಕಾ, ಮಗುವಿಗೆ ಬಿಸಿಲು ಬರೋ ಕೋಣೆ ಬೇಕಲ್ವಾ, ನೀನು ಹಜಾರದಲ್ಲಿ ಮಲ್ಕೊಂಡ್ರೆ ಹೇಗೆ ಎಂದಿದ್ದ ತಮ್ಮ, ಆಗಲಿ ಎಂದಿದ್ದಳು ಅಕ್ಕ, ಆಗಲಿ ಎಂದು ಹೇಳಿ ಪೆಟ್ಟಿಗೆ ಕಟ್ಟಿದ್ದಳು, ಬಣ್ಣ ಒಣಗುವ ಮೊದಲೇ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದರು ಇಬ್ಬರೂ, ಮಗು ಹೊಟ್ಟೆಯಲ್ಲೇ ಹೋಗಿತ್ತು, ಗಂಡು, ತಲೆತುಂಬ ಕೂದಲಿತ್ತಂತೆ. ಅವತ್ತು ಅಕ್ಕ ಅತ್ತಳು, ನಿಜವಾಗಿ ಅತ್ತಳು, ಅತ್ತು ಮುಗಿದು ನಾಲ್ಕನೆಯ ದಿನ ಈ ಮಂಚದ ಮೇಲೆ ಕೂತು ಪೆಟ್ಟಿಗೆಯ ಹಗ್ಗ ಬಿಚ್ಚುವಾಗ ಮನಸ್ಸಿನ ತಳದಿಂದ ಒಂದು ಮಾತು ಎದ್ದಿತು, ಏಳಬಾರದಿತ್ತು, ಯಾರ ಮನಸ್ಸಿನಲ್ಲಿ ಏನೇನು ಏಳುವುದಿಲ್ಲ, ಮನಸ್ಸಿಗೆ ಬಾಗಿಲಿದೆಯೇ, ಅದು ಹೊರಗೆ ಬಂದರಲ್ಲವೇ ಪಾಪ, ಅವಳು ಅದನ್ನು ದೇವರಿಗೂ ಹೇಳಿಲ್ಲ. ಆಮೇಲೆ ಹುಡುಗಿ ಹುಟ್ಟಿದಳು, ಆಗ ಕೋಣೆಯ ಮಾತನ್ನೇ ಎತ್ತಲಿಲ್ಲ ಅವರು, ಹಜಾರಕ್ಕೆ ಹಲಗೆ ಹೊಡೆಸಿದರು, ಅತ್ತಿಗೆ ಕೋಣೆ ಅತ್ತಿಗೆಗೇ ಇರಲಿ ಎಂದವಳು ತಮ್ಮನ ಹೆಂಡತಿಯೇ, ಯಾಕೆ ಎಂದು ಅಂದಿನಿಂದ ಇಂದಿನವರೆಗೆ ಅಕ್ಕ ಯೋಚಿಸಿದ್ದುಂಟು, ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟವರನ್ನು ಹೇಗೆ ನಂಬುವುದು.

ಬನ್ನಿ ಅಮ್ಮಾ, ಪರೀಕ್ಷೆ ಮಾಡೋಣ, ಬಡಗಿ ಕೈ ಒರೆಸಿಕೊಳ್ಳುತ್ತ ಬಂದ, ಹೊಸ ಬಾಗಿಲು ಅಕ್ಕನ ಚೌಕಟ್ಟಿನಲ್ಲಿ ನಿಂತಿದೆ, ಮೂರು ಕೀಲಿನ ಮೇಲೆ ಆನೆಯ ಹಾಗೆ, ಸುತ್ತ ಕರಿ ರಬ್ಬರು, ನನ್ನ ಪದ್ಧತಿ ಇದು, ಬಾಗಿಲು ಹಾಕಿ ಹೋಗೋ ಜಾತಿಯವನಲ್ಲ ನಾನು, ಮೊದ್ಲು ಹಳೇ ಬಾಗಿಲ ಹಿಂದೆ ನೀವು ಮಾತಾಡ್ಬೇಕು, ಆಮೇಲೆ ಹೊಸದರ ಹಿಂದೆ, ಹೊರಗೆ ನಿಂತು ಮನೆಯವರೇ ಕೇಳ್ಬೇಕು, ಆಗ ತಾನೇ ಮರಕ್ಕೂ ರಟ್ಟಿಗೂ ವ್ಯತ್ಯಾಸ ಗೊತ್ತಾಗೋದು. ಬೇಡ ಬಿಡಿ ಎಂದಳು ತಮ್ಮನ ಹೆಂಡತಿ, ಸ್ವಲ್ಪ ಬೇಗನೆ ಎಂದಳು, ನಾನೇ ಒಳಗೆ ಹೋಗ್ತೀನಿ ಎಂದಳು, ಅಷ್ಟು ಸಾಕಾಯಿತು ಅಕ್ಕನಿಗೆ, ಅವಳು ಬೇಡವೆಂದದ್ದನ್ನು ಮಾಡಿಯೇ ನೋಡಬೇಕು, ನಾನೇ ಹೋಗ್ತೀನಿ, ಅದಕ್ಕೇನಂತೆ ಎಂದು ಹುಡುಗಿಯ ಗೂಡಿನೊಳಗೆ ಹೋಗಿ ಅದರ ಇನ್ನೂ ಬದಲಾಯಿಸದ ಟೊಳ್ಳು ಬಾಗಿಲನ್ನು ಮುಚ್ಚಿಕೊಂಡಳು. ಹುಡುಗಿಯ ಪುಸ್ತಕಗಳು, ಹುಡುಗಿಯ ವಾಸನೆ, ಗೋಡೆಯಲ್ಲಿ ವೇಳಾಪಟ್ಟಿ. ಏನಾದ್ರೂ ಹೇಳಿ ಅಮ್ಮಾ, ಹತ್ತು ಎಣಿಸಿದ್ರೂ ಸಾಕು, ಆಚೆಯಿಂದ ಬಡಗಿಯ ದನಿ ಪಕ್ಕದಲ್ಲೇ ನಿಂತ ಹಾಗೆ. ಹೇಳುವುದಿಲ್ಲ, ಒಂದೂ ಹೇಳುವುದಿಲ್ಲ, ಬಾಯಿಗೆ ಬೀಗ, ಇವರ ಆಟಕ್ಕೆ ನಾನೇಕೆ ಕುಣಿಯಲಿ ಅಲ್ಪವಿರಾಮ ನಿಂತಿರಲಿ ಹೊರಗೆ ಕಿವಿ ಚಾಚಿಕೊಂಡು ಅಲ್ಪವಿರಾಮ ಗಾಳಿಯ ಸದ್ದು ಕೇಳಲಿ ಅಲ್ಪವಿರಾಮ ಉದ್ದನೆಯವಳು ಏನೋ ಹೂಡಿದ್ದಾಳೆ ಅಲ್ಪವಿರಾಮ ಎಣ್ಣೆಯ ಕಲೆ ತನ್ನದೆಂದಳಲ್ಲ ಅಲ್ಪವಿರಾಮ ಈ ಗೂಡು ಹುಡುಗಿಗೆ ಸಾಲದು ನಿಜ ಅಲ್ಪವಿರಾಮ ಇನ್ನು ನನ್ನ ಕೋಣೆಗೇ ಬರುತ್ತಾರೆ ಅಲ್ಪವಿರಾಮ ಅವತ್ತು ಆ ಮಗು ಹೋದದ್ದಕ್ಕೆ ತಾನೇ ನನಗೆ ಕೋಣೆ ಉಳಿದದ್ದು ಅಲ್ಪವಿರಾಮ ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡೆನಲ್ಲ ಅವತ್ತು ಅಲ್ಪವಿರಾಮ ದೇವರೇ ಅಲ್ಪವಿರಾಮ ಅದೊಂದು ಮಾತಿಗೆ ನನ್ನನ್ನು ಕ್ಷಮಿಸು ಪೂರ್ಣವಿರಾಮ —

ಸಾಕಮ್ಮಾ ಸಾಕು, ಬಡಗಿ ನಗುತ್ತಿದ್ದಾನೆ, ಹತ್ತು ಎಣಿಸಿ ಅಂದ್ರೆ ಪುರಾಣವನ್ನೇ ತೆಗೆದ್ರಲ್ಲ, ಒಂದೊಂದು ಅಕ್ಷರ ಕೇಳ್ತು, ಅಲ್ಪವಿರಾಮ ಸಮೇತ, ಯಾವ ಮಗು ಅಮ್ಮಾ ಅದು, ಹೋದದ್ದೇ ಒಳ್ಳೇದಾಯ್ತು ಅಂದ್ರಿ, ನಾಟಕದ ಮಾತಾ. ಆಮೇಲೆ ಅವನ ನಗು ಅರ್ಧಕ್ಕೆ ನಿಂತಿತು, ಪಕ್ಕದವಳ ಮುಖ ನೋಡಿರಬೇಕು. ಅಕ್ಕ ತುಟಿಯ ಮೇಲೆ ಬೆರಳಿಟ್ಟುಕೊಂಡಳು, ತುಟಿ ಇನ್ನೂ ಅಲುಗುತ್ತಿತ್ತು, ಗಾಳಿಗೆ ಅಲುಗುವ ಎಲೆಯ ಹಾಗೆ ತನ್ನಷ್ಟಕ್ಕೆ ತಾನು, ಗಂಟಲು ಒಣಗಿ ಕಟ್ಟಿಗೆ. ಗಂಟಲು ಒಣಗಿದ್ರೆ ಓದಿದೀಯ ಅಂತ ಅರ್ಥ. ಹನ್ನೊಂದು ವರ್ಷ — ಅಲ್ಲ, ಅದಕ್ಕೂ ಮುಂಚೆ, ಇಪ್ಪತ್ತು, ಇಪ್ಪತ್ತೆರಡು — ಪ್ರತಿ ನಸುಕು, ಪ್ರತಿ ರಾತ್ರಿ, ಪೆಟ್ಟಿಗೆಯ ಪಕ್ಕದಲ್ಲಿ ಕೂತು, ನಲ್ಲಿಯ ಹಾಗೆ. ಇವತ್ತೇನೇ ವಾರ್ತೆ. ಹವಾಮಾನ ಸರಿಯಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ಯಾವುದು ಈ ಮನೆಯಲ್ಲಿ. ಬಾಗಿಲು ತೆಗೆದಾಗ ತಮ್ಮನ ಹೆಂಡತಿ ಅಲ್ಲೇ ನಿಂತಿದ್ದಳು, ಬಡಗಿ ಹೇಳದೆ ಕೇಳದೆ ಅಂಗಳಕ್ಕೆ ಜಾರಿ ಹೋಗಿದ್ದ, ಅಲ್ಲಿ ಯಾವುದಕ್ಕೋ ಮೊಳೆ ಹೊಡೆಯುವ ಸದ್ದು. ಎಷ್ಟು ದಿನದಿಂದ, ಕೇಳಿದಳು ಅಕ್ಕ, ಕೇಳಿದಳೋ ಅಂದುಕೊಂಡಳೋ, ಇನ್ನು ಅದರ ಲೆಕ್ಕ ಯಾರಿಗೆ ಸಿಗುತ್ತದೆ, ಉತ್ತರವಂತೂ ಬಂತು, ಇಪ್ಪತ್ತು ವರ್ಷದಿಂದ ಅತ್ತಿಗೆ. ಆ ಮಾತೂ? ಆ ಮಾತನ್ನೇ ಮೊದಲು ಕೇಳಿದ್ದು, ನಿಮಗೆ ಅಂತ ಗಂಜಿ ತಂದಿದ್ದೆ, ನಾಲ್ಕು ದಿನ ಆಗಿತ್ತು ಆಸ್ಪತ್ರೆಯಿಂದ ಬಂದು, ಹೊರಗೇ ನಿಂತುಬಿಟ್ಟೆ. ಹೇಳಬಾರದಿತ್ತೇ ನನಗೆ? ಹೇಳಿದ್ರೆ ನೀವು ಎಲ್ಲಿಗೆ ಹೋಗ್ತಿದ್ರಿ. ತಮ್ಮನ ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಕೋಪ ಬರ್ತಿತ್ತು, ಸುಳ್ಳು ಯಾಕೆ ಹೇಳ್ಲಿ, ಎಷ್ಟೋ ದಿನ ಆ ಕಾಫಿ ನಿಮ್ಮ ತಲೆ ಮೇಲೇ ಹುಯ್ಯೋಣ ಅನ್ನಿಸ್ತಿತ್ತು, ಆದ್ರೆ ಒಂದಿನ, ಮಗಳು ಹುಟ್ಟಿ ತಿಂಗಳಾಗಿತ್ತು, ನೀವು ಒಳಗೆ ಅಂತಿದ್ರಿ, ಉದ್ದನೆಯವಳು ಒಳ್ಳೆಯವಳು ಅಲ್ಪವಿರಾಮ ಅವಳ ಕೈ ಬೆಚ್ಚಗಿದೆ ಅಲ್ಪವಿರಾಮ ಅಂತ. ಅವಳು ನಗಲು ನೋಡಿದಳು, ಬರಲಿಲ್ಲ. ಅವತ್ತಿಂದ ಅಭ್ಯಾಸ ಆಗೋಯ್ತು, ಲೋಟ ಕೆಳಗಿಟ್ಟು ನಿಲ್ಲೋದು, ಆ ಒಳ್ಳೆ ಮಾತು ಇನ್ನೊಂದ್ಸಲ ಬರುತ್ತೇನೋ ಅಂತ, ಬಂದ್ರೆ ಬಂತು, ಬರದಿದ್ರೆ ಎರಡು ಸಲ ಬಡಿದು ಒಳಗೆ ಬರೋದು, ನೀವು ನಿಲ್ಲಿಸಿಕೊಳ್ಳಲಿ ಅಂತ ಬಡೀತಿದ್ದೆ, ನಾಚಿಕೆ ಆಗಬಾರದಲ್ಲ ನಿಮಗೆ. ಬಂತೇ, ಇನ್ನೊಂದು ಸಲ? ತಮ್ಮನ ಹೆಂಡತಿ ಕೇಳದವಳ ಹಾಗೆ ಚಪ್ಪಲಿ ಕಪಾಟಿನ ಮೇಲಿನ ಉಂಗುರಗಳನ್ನು ಸೆರಗಿನಿಂದ ಒರೆಸುತ್ತ, ಅವು ಹೋಗುವ ಉಂಗುರಗಳಲ್ಲ, ಹೇಳಿದಳು, ಮೂರು ತಿಂಗಳ ಕೆಳಗೆ ಮಗಳು ಬಂದು ಕೇಳಿದ್ಲು, ಅಮ್ಮಾ ನನಗಿಂತ ಮುಂಚೆ ಒಬ್ಬ ಅಣ್ಣ ಇದ್ನಾ, ಅವನು ಹೋದದ್ದು ಯಾರಿಗೆ ಒಳ್ಳೇದಾಯ್ತು ಅಂತ. ನಾನು ಕೇಳಿದ್ದಾಯ್ತು ಅತ್ತಿಗೆ. ಅವಳು ಕೇಳೋದು ಬೇಡ. ಕಾಫಿ ಮಾಡ್ತೀನಿ, ನಿಮ್ಮ ಕೋಣೆಗೆ ಹೋಗಿ, ಹೊಸ ಬಾಗಿಲು ಹಾಕ್ಕೊಂಡು ನೋಡಿ.

ಹೋಗಿ ಹಾಕಿಕೊಂಡಳು. ಬಾಗಿಲು ಮುಚ್ಚಿಕೊಂಡದ್ದಕ್ಕೂ ಸದ್ದಿಲ್ಲ, ರಬ್ಬರು ಒಮ್ಮೆ ಉಸಿರೆಳೆದುಕೊಂಡಿತು ಅಷ್ಟೇ, ಆಮೇಲೆ ಬಡಗಿಯ ಮೊಳೆ ಇಲ್ಲ, ಬೀದಿ ಇಲ್ಲ, ಪಾತ್ರೆ ಇಲ್ಲ, ನಲ್ಲಿ ಇಲ್ಲ, ಇಪ್ಪತ್ತೆರಡು ವರ್ಷ ಕಿವಿಯಲ್ಲಿ ಹಿಡಿದುಕೊಂಡಿದ್ದ ಮನೆ ಕೈ ಬಿಡಿಸಿಕೊಂಡು ಹೋಯಿತು, ಉಳಿದದ್ದು ಹಸಿ ಮರದ ವಾಸನೆ, ಮತ್ತೊಂದು ಸಣ್ಣ ದನಿ, ಎಲ್ಲಿಂದಲೋ, ಹತ್ತಿರದಿಂದಲೇ, ಮೇಲೇರದೆ ಕೆಳಗಿಳಿಯದೆ ಓದುತ್ತಿರುವ ದನಿ, ಯಾರಿದು ಎಂದುಕೊಂಡಳು, ಯಾರಿದು ಎಂದಿತು ದನಿ. ಇದೇ ಮೊದಲ ಸಲ ಕೇಳುತ್ತಿದ್ದಾಳೆ. ಎಂಥ ದನಿ, ಔಷಧದ ಚೀಟಿ ಓದುವ ದನಿ, ಇದರಲ್ಲೇ ಅಂದಳೇ ಅದನ್ನು, ಗಂಜಿ ಹಿಡಿದು ನಿಂತವಳಿಗೆ ಇದೇ ದನಿಯಲ್ಲೇ. ಸುಳ್ಳಿರಬಹುದೇ, ಬೆಚ್ಚಗಿನ ಕೈಯ ಮಾತು, ತಾನು ಹಾಗೆ ಅಂದದ್ದುಂಟೇ, ಕೋಣೆ ಬಿಡಿಸಿಕೊಳ್ಳುವುದಕ್ಕೆ ಕಟ್ಟಿದ ಕತೆಯಿರಬಹುದು — ಛೀ, ನೋಡು, ಇದನ್ನೂ ಓದಿಬಿಟ್ಟಿತು ಗಂಟಲು, ನಿಲ್ಲಿಸು, ಬೇರೆ ಓದು, ಉದ್ದನೆಯವಳು ಒಳ್ಳೆಯವಳು ಅಲ್ಪವಿರಾಮ, ಓದು, ಅವಳ ಕೈ ಬೆಚ್ಚಗಿದೆ ಅಲ್ಪವಿರಾಮ, ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ, ತಪ್ಪಾಯಿತು ಅಲ್ಪವಿರಾಮ, ದನಿ ಬಾಗಿಲಿನವರೆಗೆ ಹೋಗಿ ಮರಕ್ಕೆ ತಾಗಿ ಅಲ್ಲೇ ಬೀಳುತ್ತದೆ, ಎರಡು ಬೆರಳು ದಪ್ಪದ ಗಟ್ಟಿ ಮರ, ಒಳಗೆ ಗಾಳಿಯೂ ಇಲ್ಲ, ತಾತ ಪದ್ಯ ನಿಲ್ಲಿಸಿ ಕಾಯುತ್ತಿದ್ದಾರೆ, ಹೂಂ ಎನ್ನುವವರು ಎಲ್ಲಿ, ಹೂಂ ಬಾರದಿದ್ದರೆ ಅದೇ ಪದ್ಯ ಮತ್ತೊಮ್ಮೆ, ಉದ್ದನೆಯವಳು ಒಳ್ಳೆಯವಳು ಅಲ್ಪವಿರಾಮ. ಕಾಫಿಗೆ ಎಷ್ಟು ಹೊತ್ತು ಬೇಕು, ಹನ್ನೆರಡು ಹೆಜ್ಜೆಗೆ ಎಷ್ಟು ಹೊತ್ತು, ಇಷ್ಟರಲ್ಲಿ ಬಂದಿರಬೇಕು, ಬಂದು ಲೋಟವನ್ನು ಉಂಗುರಗಳ ಮೇಲೆ ಇಳಿಸಿರಬೇಕು, ಎದ್ದು ಹೋಗಿ ತೆಗೆದು ನೋಡಬಹುದಲ್ಲ, ತೆಗೆದಾಗ ಅಲ್ಲಿ ಯಾರೂ ಇಲ್ಲದಿದ್ದರೆ, ಇದ್ದರೆ, ಬಡಿದಳೇ, ಬಡಿದು ಕಾಯುತ್ತಿದ್ದಾಳೆಯೇ, ಬಡಿಯದೆ ಕಾಯುತ್ತಿದ್ದಾಳೆಯೇ, ಮರ ಬಾಯಿ ಬಿಡುವುದಿಲ್ಲ, ಆಚೆ ಒಂದು ಬೆರಳು, ಮಡಿಸಿದ ಬೆರಳು, ಗಿಣ್ಣು ಮುಂದಾಗಿ, ಸವೆಯಲು ಇನ್ನೂ ಜಾಗವಾಗದ ಹೊಸ ಮರದ ಮುಂದೆ, ಎತ್ತಿ ಹಿಡಿದ, ಇನ್ನೂ ಬಡಿಯದ, ಮಡಿಸಿದ ಬೆರಳು —